ಜೋಳದ ಕರೆಗೆ ಓಗೊಡುವ ಹೂವು

ನನ್ನ ಕೈಯಲ್ಲಿರುವ ಈ ಗಿಡವನ್ನು ಮೊದಲು ಎಲ್ಲರೂ ನೋಡಿಬಿಡಿ. ಹಿಂದಿನ ಸಾಲಿನವರಿಗೆ ಹೂವು ಕಾಣಲಿಕ್ಕಿಲ್ಲ, ಮಾತು ಮುಗಿದ ಮೇಲೆ ಹತ್ತಿರ ಬಂದು ನೋಡಬಹುದು. ಎತ್ತರ ಒಂದು ಗೇಣು. ಎಲೆ ಸಣ್ಣದು, ಕಿರಿದು, ಸವರಿದರೆ ಬೆಕ್ಕಿನ ನಾಲಿಗೆಯಂತೆ ಒರಟು. ತುದಿಯಲ್ಲಿ ನಾಲ್ಕೈದು ಬಿಳಿ ಹೂಗಳು, ಒಂದೊಂದೂ ಕಡಲೆಕಾಳಿನಷ್ಟು ಅಗಲ. ನಿಮ್ಮಲ್ಲಿ ಜೋಳದ ಹೊಲ ಇದ್ದವರು ಇದನ್ನು ನೋಡಿಯೇ ಇರುತ್ತೀರಿ. ಊರಿಂದ ಊರಿಗೆ ಹೆಸರು ಬೇರೆಯಾಗುತ್ತದೆ. ಕೃಷಿ ಇಲಾಖೆಯವರು ಸ್ಟ್ರೈಗಾ ಎನ್ನುತ್ತಾರೆ. ಇಂಗ್ಲಿಷಿನವರು ವಿಚ್‌ವೀಡ್, ಅಂದರೆ ಮಾಟಗಾತಿ ಕಳೆ ಎಂದು ಹೆಸರಿಟ್ಟರು. ನಾನು ಇವತ್ತು ಸ್ಟ್ರೈಗಾ ಎಂದೇ ಕರೆಯುತ್ತೇನೆ.

ಚಿಕ್ಕವನಿದ್ದಾಗ ನಾನು ಈ ಹೂವನ್ನು ಬೊಗಸೆ ತುಂಬ ಕಿತ್ತು ತಂದಿದ್ದೆ. ಅಜ್ಜ ಬೈಯಲಿಲ್ಲ. ಕೈ ಹಿಡಿದು ಮತ್ತೆ ಹೊಲಕ್ಕೆ ಕರೆದೊಯ್ದು, ನಾನು ಹೂ ಕಿತ್ತ ಜಾಗದ ಜೋಳವನ್ನು ತೋರಿಸಿದರು. ಪಕ್ಕದ ಸಾಲಿನ ಜೋಳ ಅವರ ಎದೆಮಟ್ಟ ಇತ್ತು, ಇಲ್ಲಿಯದು ಮೊಣಕಾಲು ದಾಟಿರಲಿಲ್ಲ. ಹಿಂದಿನ ದಿನವಷ್ಟೇ ಮಳೆಯಾಗಿತ್ತು, ನೆಲ ಹಸಿಯಾಗಿತ್ತು. ಆದರೂ ಎಲೆಗಳು ಬರಗಾಲದಲ್ಲಿ ಸುರುಳುವಂತೆ ಸುರುಳಿದ್ದವು. ಆಮೇಲೆ ಅವರು ಹೇಳಿದ ಒಂದು ಮಾತನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ನನ್ನ ಇಡೀ ಉಪನ್ಯಾಸ ಅದರ ಸುತ್ತಲೇ ತಿರುಗುತ್ತದೆ. "ಮನೆಯ ಹಿಂದಿನ ತುಂಡಿನಲ್ಲಿ ಇದು ಹೆಚ್ಚು ಬರುವುದಿಲ್ಲ. ದೂರದ ಮಸಾರಿ ಹೊಲದಲ್ಲಿ ಮುತ್ತಿಕೊಳ್ಳುತ್ತದೆ" ಎಂದರು. ಎರಡೂ ಕಡೆ ಬಿತ್ತುತ್ತಿದ್ದದ್ದು ಒಂದೇ ಬೀಜ, ಒಂದೇ ಕೂರಿಗೆಯಿಂದ. ಮನೆಯ ಹಿಂದಿನ ತುಂಡಿಗೆ ವರ್ಷಾವರ್ಷ ತಿಪ್ಪೆಗೊಬ್ಬರ ಬೀಳುತ್ತಿತ್ತು, ದೂರದ ಹೊಲಕ್ಕೆ ಬಂಡಿ ಹೋಗುವುದು ಅಪರೂಪ. ಏಕೆ ಹೀಗೆ ಎಂಬುದು ಅಜ್ಜನಿಗೆ ಗೊತ್ತಿರಲಿಲ್ಲ. ಆಗ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಿಡವನ್ನು ಮತ್ತೊಮ್ಮೆ ನೋಡಿ. ಎಲೆ ಹಸಿರಾಗಿದೆ. ಹಸಿರು ಎಂದರೆ ಪತ್ರಹರಿತ್ತು ಇದೆ, ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುವ ಶಕ್ತಿ ಇದೆ. ಹಾಗಿದ್ದರೂ ಇದು ಇನ್ನೊಂದು ಗಿಡದ ಬೇರಿಗೆ ಬಾಯಿ ಹಚ್ಚದೆ ಬದುಕಲಾರದು. ಇಂಥವನ್ನು ಅರೆಪರಾವಲಂಬಿ ಸಸ್ಯಗಳು ಎನ್ನುತ್ತೇವೆ. ಮಾವಿನ ಮರದ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆ ನಿಮಗೆಲ್ಲ ಗೊತ್ತು. ಅದೂ ಇದೇ ಬಗೆಯದು. ಬಂದಳಿಕೆಯ ಅಂಟು ಬೀಜವನ್ನು ಹೆಬ್ಬೆರಳು ಗಾತ್ರದ ಪುಟ್ಟ ಹಕ್ಕಿಯೊಂದು ನುಂಗಿ, ಇನ್ನೊಂದು ಕೊಂಬೆಗೆ ಹೋಗಿ ಹಿಕ್ಕೆಯೊಡನೆ ಅಂಟಿಸುತ್ತದೆ. ಅದರದ್ದು ಆಕಾಶದ ವ್ಯವಹಾರ, ಕಣ್ಣಿಗೆ ಕಾಣುತ್ತದೆ. ಸ್ಟ್ರೈಗಾದ ವ್ಯವಹಾರವೆಲ್ಲ ನೆಲದ ಒಳಗೆ.

ನೆಲದ ಒಳಗೆ ಹೀಗೆ ಬೇರಿಗೆ ಬೇರು ಹಚ್ಚುವ ಇನ್ನೊಂದು ಮರ ನಮ್ಮ ನಾಡಿನಲ್ಲಿದೆ. ಅದರ ಹೆಸರು ಹೇಳಿದರೆ ಕೆಲವರಿಗೆ ಬೇಸರವಾಗಬಹುದು, ಅಷ್ಟು ಗೌರವದ ಮರ ಅದು. ಶ್ರೀಗಂಧ. ಗಂಧದ ಸಸಿಯನ್ನು ಒಂಟಿಯಾಗಿ ನೆಟ್ಟು ನೋಡಿ, ಸೊರಗುತ್ತದೆ. ಅದಕ್ಕೇ ಈಗ ಗಂಧ ನೆಡುವ ರೈತರು ಪಕ್ಕದಲ್ಲೇ ತೊಗರಿ ಹಾಕುತ್ತಾರೆ, ಮುಂದಿನ ವರ್ಷಗಳಿಗೆಂದು ಸರ್ವೆಯನ್ನೋ ಹೊಂಗೆಯನ್ನೋ ನೆಡುತ್ತಾರೆ. ಗಂಧದ ಬೇರಿನಿಂದ ಹೊರಡುವ ಗುಂಡಿಯಾಕಾರದ ಹೀರುಬೇರು ಆಸರೆ ಗಿಡದ ಬೇರನ್ನು ಕಚ್ಚಿ ನೀರು, ಲವಣ ಎಳೆದುಕೊಳ್ಳುತ್ತದೆ. ಮದ್ರಾಸ್ ಸರ್ಕಾರದ ಸಸ್ಯಶಾಸ್ತ್ರಜ್ಞರಾಗಿದ್ದ ಸಿ.ಎ. ಬಾರ್ಬರ್ ಎಂಬುವರು 1906-07ರ ಸುಮಾರಿಗೆ ಈ ಹೀರುಬೇರಿನ ಒಳರಚನೆಯನ್ನು ಪದರ ಪದರವಾಗಿ ಕತ್ತರಿಸಿ ನೋಡಿ, ಚಿತ್ರ ಬರೆದು ಪ್ರಕಟಿಸಿದರು. ಮುಂದೆ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನೆಗೆ ಅಡಿಪಾಯ ಹಾಕಿದವರೂ ಅವರೇ. ಗಂಧದ ಮಾತು ತೆಗೆದದ್ದಕ್ಕೆ ಕಾರಣವಿದೆ. ಪರಾವಲಂಬಿ ಎಂದ ಕೂಡಲೇ ನಾವು ಮುಖ ಸಿಂಡರಿಸುತ್ತೇವೆ. ದೇವರ ತಲೆಯ ಮೇಲಿನ ಗಂಧವೂ ಜೋಳವನ್ನು ಒಣಗಿಸುವ ಈ ಹೂವೂ ಬದುಕುವ ದಾರಿ ಒಂದೇ. ಬೈಗುಳವನ್ನು ಪಕ್ಕಕ್ಕಿಟ್ಟು ನೋಡಿದರೆ ಮಾತ್ರ ಈ ಗಿಡ ತನ್ನ ಗುಟ್ಟು ಬಿಟ್ಟುಕೊಡುತ್ತದೆ.

ಬೀಜದಿಂದ ಶುರು ಮಾಡೋಣ. ಸ್ಟ್ರೈಗಾದ ಬೀಜದ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಒಂದು ರಾಗಿ ಕಾಳಿನ ಅಗಲಕ್ಕೆ ನಾಲ್ಕೈದು ಬೀಜಗಳನ್ನು ಸಾಲಾಗಿ ಇಡಬಹುದು. ನಶ್ಯದ ಪುಡಿಯಂತೆ ಕಾಣುತ್ತದೆ. ಒಂದು ಗಿಡ 50,000ಕ್ಕೂ ಮೀರಿ ಬೀಜ ಉದುರಿಸಬಲ್ಲದು, ಮಣ್ಣಿನಲ್ಲಿ ಬಿದ್ದ ಬೀಜ 10 ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದು ಕಾಯಬಲ್ಲದು. ಇಷ್ಟು ಸಣ್ಣ ಬೀಜ ಎಂದರೆ ಬುತ್ತಿ ಕಟ್ಟಿಕೊಳ್ಳದೆ ದಾರಿಗೆ ಹೊರಟ ಹಾಗೆ. ಜೋಳದ ಕಾಳಿನೊಳಗೆ ಮೊಳಕೆಗೆ ಬೇಕಾದ ಹಿಟ್ಟು ಇರುತ್ತದೆ, ನಾಲ್ಕು ದಿನ ಮಳೆ ತಡವಾದರೂ ಹೇಗೋ ತಡೆದೀತು. ಸ್ಟ್ರೈಗಾದ ಮೊಳಕೆ ಹಾಗಲ್ಲ. ಅದರ ಎಳೆಬೇರು ಕೆಲವೇ ದಿನ ಬದುಕುತ್ತದೆ, ಕೆಲವೇ ಮಿಲಿಮೀಟರು ಬೆಳೆಯುತ್ತದೆ. ಅಷ್ಟರೊಳಗೆ ಯಾವುದಾದರೂ ಆಸರೆ ಬೇರು ಸಿಗಬೇಕು. ಸಿಗದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು.

ಹೀಗಿರುವಾಗ ಈ ಬೀಜ ಸಿಕ್ಕ ಸಿಕ್ಕಾಗ ಮೊಳೆಯುವ ಧೈರ್ಯ ಮಾಡೀತೇ? ಮಾಡುವುದಿಲ್ಲ. ಮೊದಲು ಬೆಚ್ಚಗಿನ ಹಸಿ ಮಣ್ಣಿನಲ್ಲಿ ಒಂದೆರಡು ವಾರ ನೆನೆಯುತ್ತದೆ. ಮುಂಗಾರು ನಿಜವಾಗಿ ಹಿಡಿಯಿತೋ, ಒಂದು ಸುಳ್ಳು ಮಳೆ ಬಂದು ಹೋಯಿತೋ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಆಮೇಲೂ ಮೊಳೆಯುವುದಿಲ್ಲ. ಹತ್ತಿರದಲ್ಲೇ ಜೀವಂತ ಬೇರೊಂದು ಇದೆ ಎಂಬ ಸುದ್ದಿ ಬರಬೇಕು. ಆ ಸುದ್ದಿಯನ್ನು ತರುವುದು ಬೇರಿನಿಂದ ಜಿನುಗುವ ಒಂದು ರಾಸಾಯನಿಕ. ಸುದ್ದಿ ಮುಟ್ಟಿದ ಕೂಡಲೇ ಬೀಜ ಒಡೆದು, ಎಳೆಬೇರು ಹೊರಟು, ಜೋಳದ ಬೇರಿನತ್ತ ಸಾಗುತ್ತದೆ. ಜೋಳದ ಬೇರಿನ ಮೈಯಲ್ಲಿರುವ ಕ್ವಿನೋನ್ ಎಂಬ ಬಗೆಯ ವಸ್ತುಗಳು ತಗುಲಿದ ಮೇಲೆ ಎಳೆಬೇರಿನ ತುದಿ ಬೆಳೆಯುವುದನ್ನು ನಿಲ್ಲಿಸಿ ಗದೆಯಂತೆ ಉಬ್ಬುತ್ತದೆ, ರೋಮ ಚಾಚಿ ಅಂಟಿಕೊಳ್ಳುತ್ತದೆ. ಅದೇ ಹೀರುಬೇರು. ಅದು ತೊಗಟೆಯನ್ನು ಸೀಳಿ ಒಳಗಿನ ನೀರ್ನಾಳಕ್ಕೆ ತನ್ನ ನಾಳವನ್ನು ಜೋಡಿಸುತ್ತದೆ. ಎರಡು ಗಿಡಗಳ ನಡುವೆ ಒಂದೇ ಕೊಳಾಯಿ.

ಇದಾದ ಮೇಲೂ ನಾಲ್ಕೈದು ವಾರ ನಮಗೆ ಏನೂ ಕಾಣುವುದಿಲ್ಲ. ಸ್ಟ್ರೈಗಾ ನೆಲದ ಕೆಳಗೆ, ಬೆಳಕಿಲ್ಲದೆ, ಬಿಳಿಚಿಕೊಂಡ ಕಾಂಡದೊಡನೆ ಪೂರ್ತಿಯಾಗಿ ಜೋಳದ ಮೇಲೆ ಬದುಕುತ್ತದೆ. ರೈತ ನೋಡುವುದು ಬಾಡಿದ ಜೋಳವನ್ನು ಮಾತ್ರ. ನೀರಿನ ಕೊರತೆ ಇರಬೇಕು, ಹುಳು ಬಿದ್ದಿರಬೇಕು ಎಂದು ತರ್ಕಿಸುತ್ತಾನೆ. ನೆಲದ ಮೇಲೆ ಹಸಿರು ಚಿಗುರು ಕಾಣುವ ಹೊತ್ತಿಗೆ ಹಾನಿಯ ದೊಡ್ಡ ಪಾಲು ಆಗಿ ಹೋಗಿರುತ್ತದೆ. ಮಾಟಗಾತಿ ಎಂಬ ಹೆಸರು ಬಂದದ್ದು ಇದಕ್ಕೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಯಾರೂ ಮುಟ್ಟದೆ ಬೆಳೆ ಸುಟ್ಟಂತೆ ಆಗುತ್ತದಲ್ಲ!

ಮೇಲೆ ಬಂದು ಹಸಿರಾದ ಮೇಲಾದರೂ ಬಿಡುತ್ತದೆಯೇ? ಆಫ್ರಿಕಾದಲ್ಲಿ ಇದರ ಅಕ್ಕನಂಥ ಇನ್ನೊಂದು ಪ್ರಭೇದವಿದೆ, ಸ್ಟ್ರೈಗಾ ಹರ್ಮಾಂತಿಕಾ ಎಂದು, ಗುಲಾಬಿ ಬಣ್ಣದ ಚೆಲುವಾದ ಹೂ. ಅದನ್ನು ಅಳೆದು ನೋಡಿದವರು, ಹಸಿರಾದ ಮೇಲೂ ಅದರ ಇಂಗಾಲದ ಮೂರನೇ ಒಂದು ಪಾಲಿನಷ್ಟು ಜೋಳದಿಂದಲೇ ಬರುತ್ತದೆ ಎಂದು ಕಂಡರು. ನೀರಿನದ್ದು ಇನ್ನೂ ವಿಚಿತ್ರ. ನೆಲ ಒಣಗತೊಡಗಿದಾಗ ಜೋಳ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುತ್ತದೆ. ಸ್ಟ್ರೈಗಾ ತೆರೆದೇ ಇಡುತ್ತದೆ. ಒಂದೇ ಕೊಳಾಯಿಗೆ ಎರಡು ನಲ್ಲಿ ಇದ್ದು, ಒಂದನ್ನು ಕಟ್ಟಿ ಇನ್ನೊಂದನ್ನು ಪೂರ್ತಿ ಬಿಟ್ಟರೆ ನೀರು ಎತ್ತ ಹರಿಯುತ್ತದೆ? ಹಸಿ ನೆಲದಲ್ಲೂ ಜೋಳ ಸುರುಳಿದ್ದೇಕೆ ಎಂಬ ನನ್ನ ಬಾಲ್ಯದ ಪ್ರಶ್ನೆಗೆ ಉತ್ತರ ಈ ಕೊಳಾಯಿಯಲ್ಲಿದೆ.

ಈಗ ನಾನು ಹೇಳಬೇಕೆಂದುಕೊಂಡು ಬಂದ ವಿಷಯಕ್ಕೆ ಬರುತ್ತೇನೆ. ಜೋಳ ಆ ರಾಸಾಯನಿಕವನ್ನು ಏಕೆ ಜಿನುಗಿಸುತ್ತದೆ? ತನ್ನ ಶತ್ರುವನ್ನು ತಾನೇ ಏಕೆ ಎಬ್ಬಿಸುತ್ತದೆ? ಸಾವಿರಾರು ವರ್ಷಗಳಿಂದ ಜೋಳಕ್ಕೂ ಸ್ಟ್ರೈಗಾಕ್ಕೂ ಒಡನಾಟವಿದೆ. ನಷ್ಟವನ್ನಷ್ಟೇ ತರುವ ಗುಣವಾಗಿದ್ದರೆ ಅದು ಎಂದೋ ಅಳಿಸಿ ಹೋಗಬೇಕಿತ್ತು.

1966ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ರಾಸಾಯನಿಕವನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಅದಕ್ಕೆ ಸ್ಟ್ರೈಗಾಲ್ ಎಂದು ಹೆಸರಾಯಿತು. ಅವರು ಅದನ್ನು ತೆಗೆದದ್ದು ಜೋಳದ ಬೇರಿನಿಂದಲ್ಲ, ಹತ್ತಿಯ ಬೇರಿನಿಂದ. ಹತ್ತಿಯ ಮೇಲೆ ಸ್ಟ್ರೈಗಾ ಬೆಳೆಯುವುದೇ ಇಲ್ಲ! ಈ ಬಗೆಯ ವಸ್ತುಗಳಿಗೆಲ್ಲ ಈಗ ಸ್ಟ್ರೈಗೋಲ್ಯಾಕ್ಟೋನ್ ಎಂಬ ಹೆಸರಿದೆ. ಮುಂದಿನ ಸುಮಾರು 40 ವರ್ಷ ಇದನ್ನು ಪರಾವಲಂಬಿಯ ಬೀಜ ಎಬ್ಬಿಸುವ ವಸ್ತು ಎಂದಷ್ಟೇ ತಿಳಿದಿದ್ದರು. ಗಿಡಕ್ಕೆ ಅದರಿಂದ ಏನು ಪ್ರಯೋಜನ ಎಂಬುದಕ್ಕೆ ಉತ್ತರ ಇರಲಿಲ್ಲ.

ಉತ್ತರ ಬಂದದ್ದು 2005ರಲ್ಲಿ, ಜಪಾನಿನಿಂದ. ಅಕಿಯಾಮಾ ಮತ್ತು ಅವರ ಸಂಗಡಿಗರು ಸ್ಟ್ರೈಗಾವನ್ನು ಅಧ್ಯಯನ ಮಾಡುತ್ತಿರಲಿಲ್ಲ. ಗಿಡದ ಬೇರಿನೊಡನೆ ಕೂಡಿ ಬಾಳುವ ಮೈಕೊರೈಜಾ ಎಂಬ ಶಿಲೀಂಧ್ರಗಳನ್ನು ಬೇರು ಹೇಗೆ ಕರೆಯುತ್ತದೆ ಎಂದು ಹುಡುಕುತ್ತಿದ್ದರು. ಈ ಶಿಲೀಂಧ್ರದ ಎಳೆಗಳು ಕೂದಲಿಗಿಂತ ತೆಳು. ಬೇರು ಹೋಗಲಾರದ ಸಂದುಗೊಂದುಗಳಿಗೆ ಹೋಗಿ ರಂಜಕವನ್ನು ಆಯ್ದು ತಂದು ಗಿಡಕ್ಕೆ ಕೊಡುತ್ತವೆ. ಗಿಡ ಅದಕ್ಕೆ ಪ್ರತಿಯಾಗಿ ಸಕ್ಕರೆಯನ್ನೂ ಕೊಬ್ಬನ್ನೂ ಕೊಡುತ್ತದೆ. ಇದು ಇಂದು ನಿನ್ನೆಯ ಸ್ನೇಹವಲ್ಲ. ಸ್ಕಾಟ್ಲೆಂಡಿನ ರೈನಿ ಎಂಬ ಊರಿನ ಕಲ್ಲಿನಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಗಿಡಗಳ ಪಳೆಯುಳಿಕೆಯೊಳಗೂ ಈ ಬಗೆಯ ಶಿಲೀಂಧ್ರ ಇದೆ. ಆ ಗಿಡಗಳಿಗೆ ಸರಿಯಾದ ಬೇರೂ ಇರಲಿಲ್ಲ. ಜಪಾನಿನವರು ಬೇರಿನ ಕರೆಯ ರಾಸಾಯನಿಕವನ್ನು ಶುದ್ಧಗೊಳಿಸಿ ನೋಡಿದರೆ ಅದು ಸ್ಟ್ರೈಗೋಲ್ಯಾಕ್ಟೋನ್ ಆಗಿತ್ತು.

ಅರ್ಥ ಏನಾಯಿತು ನೋಡಿ. ಜೋಳ ಕರೆಯುತ್ತಿದ್ದದ್ದು ಸ್ನೇಹಿತನನ್ನು. ಪಕ್ಕದಲ್ಲಿ ಮಲಗಿದ್ದ ಸ್ಟ್ರೈಗಾ ಆ ಕರೆಯನ್ನು ಕದ್ದು ಕೇಳಿ ತಾನೂ ಎದ್ದು ಬಂದಿತು.

ಮುಂದಿನ ಮಾತು ಇನ್ನೂ ಮುಖ್ಯ. ಗಿಡ ಈ ಕರೆಯನ್ನು ಯಾವಾಗಲೂ ಒಂದೇ ದನಿಯಲ್ಲಿ ಕೂಗುವುದಿಲ್ಲ. ಮಣ್ಣಿನಲ್ಲಿ ರಂಜಕ ಸಾಕಷ್ಟಿದ್ದರೆ ಶಿಲೀಂಧ್ರಕ್ಕೆ ಸಕ್ಕರೆ ಕೊಟ್ಟು ರಂಜಕ ತರಿಸಿಕೊಳ್ಳುವ ಅಗತ್ಯ ಅಷ್ಟಾಗಿ ಇರುವುದಿಲ್ಲ, ಕರೆ ಮೆಲ್ಲಗಾಗುತ್ತದೆ. ರಂಜಕ ಇಲ್ಲದಿದ್ದರೆ ಬೇರು ಹತ್ತಾರು ಪಟ್ಟು ಹೆಚ್ಚು ಸ್ಟ್ರೈಗೋಲ್ಯಾಕ್ಟೋನ್ ಸುರಿಸುತ್ತದೆ. ಜೋಳದಲ್ಲಿ ಸಾರಜನಕ ಕಡಿಮೆಯಾದಾಗಲೂ ಹೀಗೆಯೇ. ಹಸಿದ ಮಣ್ಣಿನಲ್ಲಿ ನಿಂತ ಜೋಳ ಗಟ್ಟಿಯಾಗಿ ಕೂಗುತ್ತದೆ, ಗಟ್ಟಿಯಾಗಿ ಕೂಗಿದಷ್ಟೂ ಸ್ಟ್ರೈಗಾದ ಹೆಚ್ಚು ಬೀಜಗಳು ಏಳುತ್ತವೆ. ನನ್ನ ಅಜ್ಜನ ಎರಡು ಹೊಲಗಳನ್ನು ನೆನಪಿಸಿಕೊಳ್ಳಿ. ಗೊಬ್ಬರ ಬೀಳುವ ಮನೆಯ ಹಿಂದಿನ ತುಂಡಿನಲ್ಲಿ ಜೋಳ ಪಿಸುಗುಟ್ಟುತ್ತಿತ್ತು, ದೂರದ ಮಸಾರಿ ಹೊಲದಲ್ಲಿ ಕೂಗುತ್ತಿತ್ತು. 2005ರ ಆ ಲೇಖನವನ್ನು ಓದಿದ ದಿನ ಅಜ್ಜ ಇರಬೇಕಿತ್ತು ಎಂದು ನನಗೆ ಬಹಳ ಅನ್ನಿಸಿತು. ಅವರು ಕಣ್ಣಿನಿಂದ ಕಂಡದ್ದು ಸರಿಯಾಗಿತ್ತು ಎಂದು ಹೇಳಲು ನನಗೆ ಅವರು ಸಿಗಲಿಲ್ಲ.

ಇನ್ನೂ ಮೂರು ವರ್ಷಕ್ಕೆ, 2008ರಲ್ಲಿ, ಎರಡು ಬೇರೆ ಬೇರೆ ತಂಡಗಳು ಇದೇ ವಸ್ತು ಗಿಡದ ಒಳಗೂ ಕೆಲಸ ಮಾಡುವ ಹಾರ್ಮೋನು ಎಂದು ತೋರಿಸಿದವು. ಹೆಚ್ಚು ಕವಲು ಒಡೆಯಬೇಡ ಎಂದು ಅದು ಗಿಡಕ್ಕೇ ಹೇಳುತ್ತದೆ. ಬಡ ಮಣ್ಣಿನಲ್ಲಿ ಭತ್ತ ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ, ಭತ್ತದವರಿಗೆ ಇದು ಗೊತ್ತು. ಬೇರಿನಿಂದ ಹೊರಗೆ ಶಿಲೀಂಧ್ರವನ್ನು ಕರೆಯುವ ವಸ್ತುವೇ ಒಳಗೆ ಸಂಸಾರ ಹಿಡಿತದಲ್ಲಿಡು ಎನ್ನುತ್ತದೆ. ಹಾಗಾಗಿ ಸ್ಟ್ರೈಗಾದ ಭಯಕ್ಕೆ ಜೋಳ ಈ ಮಾತನ್ನು ಪೂರ್ತಿ ಬಿಡುವಂತಿಲ್ಲ. ಬಿಟ್ಟರೆ ಸ್ನೇಹಿತನೂ ಬರುವುದಿಲ್ಲ, ಮನೆಯ ಲೆಕ್ಕವೂ ತಪ್ಪುತ್ತದೆ.

ಸ್ಟ್ರೈಗಾದ ಕಿವಿ ಎಷ್ಟು ಸೂಕ್ಷ್ಮ ಎನ್ನುವುದನ್ನೂ ಹೇಳಬೇಕು. ಸಾಮಾನ್ಯ ಗಿಡಗಳಲ್ಲಿ ಸುಟ್ಟ ಹೊಗೆಯಲ್ಲಿರುವ ವಸ್ತುಗಳನ್ನು ಗುರುತಿಸುವ ಒಂದು ಗ್ರಾಹಕ ಪ್ರೋಟೀನ್ ಇದೆ. ಆಫ್ರಿಕಾದ ಸ್ಟ್ರೈಗಾದಲ್ಲಿ ಅದರ ಜೀನ್ ಒಂದು ಹೋಗಿ ಹನ್ನೊಂದಾಗಿದೆ, ಹಲವು ಪ್ರತಿಗಳು ಸ್ಟ್ರೈಗೋಲ್ಯಾಕ್ಟೋನ್ ಹಿಡಿಯುವಂತೆ ತಿದ್ದಿಕೊಂಡಿವೆ. ಒಂದು ಗ್ರಾಹಕವಂತೂ ಕೆರೆಯಷ್ಟು ನೀರಿನಲ್ಲಿ ಚಿಟಿಕೆಯಷ್ಟು ಕದಡಿದರೂ ಗುರುತಿಸುವಂಥದ್ದು. ಇನ್ನೊಂದು ಸಂಗತಿ 2010ರಲ್ಲಿ ಹೊರಬಂದದ್ದು. ಆ ಸ್ಟ್ರೈಗಾದ ಜೀನುಗಳ ನಡುವೆ ಹುಲ್ಲಿನ ಜಾತಿಗೆ ಸೇರಿದ, ಜೋಳದ್ದನ್ನೇ ಹೋಲುವ ಒಂದು ಜೀನ್ ಸಿಕ್ಕಿತು. ಎಂದೋ ಒಮ್ಮೆ ನೀರು, ಸಕ್ಕರೆಯೊಡನೆ ಆಸರೆ ಗಿಡದ ಜೀನನ್ನೂ ಅದು ಒಳಗೆ ಎಳೆದುಕೊಂಡಿದೆ. ಅಷ್ಟು ಹತ್ತಿರದ ಒಡನಾಟ ಅವೆರಡರದ್ದು.

ಹತ್ತಿಯ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಹತ್ತಿಯ ಬೇರು ಕರೆಯುತ್ತದೆ, ಸ್ಟ್ರೈಗಾದ ಬೀಜ ಏಳುತ್ತದೆ, ಆದರೆ ಹತ್ತಿಯ ಬೇರಿನೊಳಗೆ ನುಗ್ಗಿ ಬದುಕಲು ಅದಕ್ಕೆ ಆಗುವುದಿಲ್ಲ. ಎದ್ದ ಮೊಳಕೆ ನಾಲ್ಕು ದಿನಕ್ಕೆ ಸಾಯುತ್ತದೆ. ಅಲಸಂದೆ, ಶೇಂಗಾ ಬೆಳೆಗಳೂ ಹೀಗೆ ಮೋಸದ ಕರೆ ಕೊಡಬಲ್ಲವು. ಇಂಥವನ್ನು ಬಲೆ ಬೆಳೆ ಎನ್ನುತ್ತಾರೆ. ಜೋಳದ ಮೇಲೆ ಜೋಳ ಹಾಕದೆ ನಡುವೆ ಹತ್ತಿಯನ್ನೋ ಶೇಂಗಾವನ್ನೋ ತರುವ, ಜೋಳದ ಸಾಲುಗಳ ನಡುವೆ ಅಕ್ಕಡಿ ಹಾಕುವ ನಮ್ಮ ಹಳೆಯ ಪದ್ಧತಿಗೆ ಹಲವು ಕಾರಣಗಳಿದ್ದವು. ಈ ಹೂವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ಆ ಪದ್ಧತಿ ನಡೆದ ಹೊಲದಲ್ಲಿ ಮಣ್ಣಿನೊಳಗಿನ ಬೀಜದ ರಾಶಿ ಸದ್ದಿಲ್ಲದೆ ಕರಗುತ್ತಿತ್ತು ಎಂಬುದು ನಿಜ. ಈಗ ನಮ್ಮ ಉತ್ತರ ಕರ್ನಾಟಕದ ಕಬ್ಬಿನ ಹೊಲಗಳಲ್ಲೂ ಈ ಹೂ ಕಾಣುತ್ತಿದೆ. ಕಬ್ಬು, ಕೂಳೆ ಕಬ್ಬು, ಮತ್ತೆ ಕಬ್ಬು ಎಂದು ವರ್ಷಗಟ್ಟಲೆ ಒಂದೇ ಜಾತಿಯ ಬೇರು ನೆಲದಲ್ಲಿದ್ದರೆ ಸ್ಟ್ರೈಗಾಕ್ಕೆ ಪ್ರತಿ ವರ್ಷವೂ ಹಬ್ಬ.

ಬಲೆಯ ಈ ಉಪಾಯವನ್ನು ಅತಿ ದೊಡ್ಡದಾಗಿ ಮಾಡಿದವರು ಅಮೆರಿಕದವರು. 1956ರಲ್ಲಿ ಉತ್ತರ ಕೆರೊಲಿನಾದ ಮೆಕ್ಕೆಜೋಳದ ಹೊಲಗಳಲ್ಲಿ ಬೆಳೆ ಕಾರಣವಿಲ್ಲದೆ ಸೊರಗುತ್ತಿತ್ತು. ಅಲ್ಲಿ ಓದಲು ಹೋಗಿದ್ದ ಭಾರತದ ಒಬ್ಬ ವಿದ್ಯಾರ್ಥಿ ಆ ಗಿಡವನ್ನು ನೋಡಿ, ಇದು ನಮ್ಮ ಊರಿನದ್ದು, ಸ್ಟ್ರೈಗಾ ಎಂದು ಗುರುತಿಸಿದರು. ನನಗೆ ಆ ಪ್ರಸಂಗ ಬಹಳ ಇಷ್ಟ. ಜಗತ್ತಿನ ಆ ಮೂಲೆಯಲ್ಲಿ, ಎಲ್ಲ ಉಪಕರಣಗಳ ನಡುವೆ, ಹೊಲ ಕಂಡ ಕಣ್ಣೊಂದು ಬೇಕಾಯಿತು. ಮುಂದೆ ಹುಡುಕಿದಾಗ ಎರಡು ಕೆರೊಲಿನಾ ರಾಜ್ಯಗಳಲ್ಲಿ ಸೇರಿ 4 ಲಕ್ಷ ಎಕರೆಗೂ ಹೆಚ್ಚು ನೆಲಕ್ಕೆ ಅದು ಹಬ್ಬಿದ್ದು ತಿಳಿಯಿತು. ಸರ್ಕಾರ ದಿಗ್ಬಂಧನ ಹಾಕಿತು, ಹೊಲದಿಂದ ಹೊಲಕ್ಕೆ ಯಂತ್ರ ಸಾಗಿಸಲೂ ತಪಾಸಣೆ. ಆಮೇಲೆ ಎಥಿಲೀನ್ ಅನಿಲವನ್ನು ಮಣ್ಣಿನೊಳಗೆ ಚುಚ್ಚಿ ಬಿಟ್ಟರು. ಎಥಿಲೀನ್ ಎಂದರೆ ಬಾಳೆ, ಮಾವು ಮಾಗುವಾಗ ತಾವೇ ಬಿಡುವ ಅನಿಲ. ಸ್ಟ್ರೈಗಾದ ಬೀಜ ಅದಕ್ಕೂ ಎಚ್ಚರವಾಗುತ್ತದೆ. ಎದ್ದು ನೋಡಿದರೆ ಆಸರೆ ಬೇರೇ ಇಲ್ಲ. ಹಲವು ದಶಕ ಬಿಡದೆ ನಡೆಸಿದ ಈ ಕೆಲಸದಿಂದ ಸೋಂಕಿನ ನೆಲ 99 ಪ್ರತಿಶತಕ್ಕೂ ಹೆಚ್ಚು ತಗ್ಗಿತು. ಅಷ್ಟು ಹಣ, ಅಷ್ಟು ಯಂತ್ರ ಇದ್ದವರಿಗೆ ಅದು ಸಾಧ್ಯ. ಎರಡು ಎಕರೆ ಮಸಾರಿಯ ಒಡೆಯನಿಗೆ ಆ ದಾರಿ ಇಲ್ಲ.

ಅವನಿಗೆ ಹತ್ತಿರದ ದಾರಿ ಕೀನ್ಯಾದಲ್ಲಿ ಸಿಕ್ಕಿತು, ಅದೂ ಹುಡುಕದೆ ಸಿಕ್ಕಿತು. ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಅಂತರರಾಷ್ಟ್ರೀಯ ಕೀಟ ಸಂಶೋಧನಾ ಸಂಸ್ಥೆಯೊಂದರ ಕೇಂದ್ರವಿದೆ. ಭಾರತ ಮೂಲದ ಝೆಯಾವುರ್ ಖಾನ್ ಅಲ್ಲಿ 1990ರ ದಶಕದಲ್ಲಿ ಮೆಕ್ಕೆಜೋಳದ ಕಾಂಡಕೊರಕ ಹುಳುವನ್ನು ಓಡಿಸುವ ಕೆಲಸದಲ್ಲಿದ್ದರು. ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಗಿಡ ಹಾಕಿದರು. ಅದರ ವಾಸನೆಗೆ ಆ ಹುಳುವಿನ ಪತಂಗ ದೂರ ಸರಿಯುತ್ತದೆ. ಆಯುರ್ವೇದದ ಶಾಲಪರ್ಣಿ ಅದರ ಬಳಗದ್ದೇ. ಹೊಲದ ಅಂಚಿಗೆ ನೇಪಿಯರ್ ಹುಲ್ಲು ಹಾಕಿದರು. ಪತಂಗ ಅಲ್ಲಿಗೆ ಹೋಗಿ ಮೊಟ್ಟೆ ಇಡುತ್ತದೆ. ಹುಳು ಕಡಿಮೆಯಾದದ್ದು ಎಣಿಸಿದ್ದೇ. ಎಣಿಸದೆ ಆದದ್ದು ಬೇರೆ. ಡೆಸ್ಮೋಡಿಯಂ ಇದ್ದ ಹೊಲದಲ್ಲಿ ಸ್ಟ್ರೈಗಾ ಬಹುಮಟ್ಟಿಗೆ ಮಾಯವಾಯಿತು! ಆ ಗಿಡದ ಬೇರು ಎರಡು ಬಗೆಯ ವಸ್ತು ಜಿನುಗಿಸುತ್ತದೆ ಎಂದು ಆಮೇಲೆ ತಿಳಿಯಿತು. ಒಂದು ಸ್ಟ್ರೈಗಾದ ಬೀಜವನ್ನು ಎಬ್ಬಿಸುತ್ತದೆ, ಇನ್ನೊಂದು ಎದ್ದ ಮೊಳಕೆಯ ಬೇರು ಬೆಳೆಯದಂತೆ ತಡೆಯುತ್ತದೆ. ಅದರ ಜೊತೆಗೆ ಮಣ್ಣಿಗೆ ಸಾರಜನಕ, ಹಸುವಿಗೆ ಮೇವು. ಮಣ್ಣಿಗೆ ಉಣಿಸಿ, ಕರೆಯನ್ನು ಮೆಲ್ಲಗಾಗಿಸಿ, ಎದ್ದ ಬೀಜವನ್ನು ದಾರಿಯಲ್ಲೇ ತಡೆಯುವುದು. ಸಾವಿರಾರು ಸಣ್ಣ ರೈತರು ಅದನ್ನು ಹಿಡಿದರು.

ತಳಿಯ ಕಡೆಯಿಂದ ಬಂದ ಉಪಾಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಇಥಿಯೋಪಿಯಾದ ಬಡ ಹಳ್ಳಿಯೊಂದರಿಂದ ಬಂದ ಗೆಬಿಸಾ ಎಜೆಟಾ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಸ್ಟ್ರೈಗಾವನ್ನು ಕಡಿಮೆ ಎಬ್ಬಿಸುವ ಜೋಳದ ತಳಿಗಳನ್ನು ರೂಪಿಸಿದರು. 2009ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಸಂದಿತು. ಈ ಜೋಳ ಮೂಕವಾಗಿಲ್ಲ. ಅದು ಬೇರೊಂದು ಬಗೆಯ ಸ್ಟ್ರೈಗೋಲ್ಯಾಕ್ಟೋನ್ ಜಿನುಗಿಸುತ್ತದೆ. ಶಿಲೀಂಧ್ರಕ್ಕೆ ಅದು ಕೇಳುತ್ತದೆ, ಸ್ಟ್ರೈಗಾಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಮಾತು ಬಿಡಲಿಲ್ಲ, ಉಚ್ಚಾರ ಬದಲಿಸಿತು ಎನ್ನಬಹುದು. ಭಾರತದ್ದೇ ಆದ ಎನ್-13 ಎಂಬ ಜೋಳದ ತಳಿಯ ದಾರಿ ಬೇರೆ. ಅದು ಕರೆಯುತ್ತದೆ, ಆದರೆ ಒಳಬೇರಿನ ಗೋಡೆಯನ್ನು ದಪ್ಪ ಮಾಡಿಕೊಂಡು ಹೀರುಬೇರಿಗೆ ಬಾಗಿಲು ತೆರೆಯುವುದಿಲ್ಲ.

ಇಲ್ಲಿಯವರೆಗೆ ಸ್ಟ್ರೈಗಾ ಯಾರನ್ನು ತಿನ್ನುತ್ತದೆ ಎಂದು ಹೇಳಿದೆ. ಸ್ಟ್ರೈಗಾವನ್ನು ತಿನ್ನುವವರೂ ಇದ್ದಾರೆ. ಬಯಲು ಹೊಲದಲ್ಲಿ ನೆಲಕ್ಕೆ ಹತ್ತಿರವಾಗಿ ಹಾರುವ, ಹಿಂದಿನ ರೆಕ್ಕೆಯಲ್ಲಿ ಹೊಳೆಯುವ ನೀಲಿ ಇರುವ ಒಂದು ಚಿಟ್ಟೆಯನ್ನು ನೋಡಿದ್ದೀರಾ? ಇಂಗ್ಲಿಷಿನಲ್ಲಿ ಬ್ಲೂ ಪ್ಯಾನ್ಸಿ ಎನ್ನುತ್ತಾರೆ. ಅದರ ಮುಳ್ಳುಮುಳ್ಳಾದ ಕಪ್ಪು ಕಂಬಳಿಹುಳು ತಿನ್ನುವ ಗಿಡಗಳಲ್ಲಿ ಸ್ಟ್ರೈಗಾವೂ ಒಂದು. ಜೋಳದ ಸಾಲಿನಲ್ಲಿ ಎಲೆ ಬೋಳಾದ ಸ್ಟ್ರೈಗಾ ಕಂಡರೆ ಬುಡದಲ್ಲಿ ಹುಡುಕಿ, ಸಿಕ್ಕೀತು. ಇನ್ನೊಂದು ಜೀವಿ ಸ್ಮೈಕ್ರೊನಿಕ್ಸ್ ಎಂಬ ಸೊಂಡಿಲು ದುಂಬಿ, ಎಳ್ಳು ಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಅದು ಎಳೆ ಕಾಯಿಯೊಳಗೆ ಮೊಟ್ಟೆ ಇಡುತ್ತದೆ. ಕಾಯಿ ಗಂಟಿನಂತೆ ಊದಿಕೊಳ್ಳುತ್ತದೆ, ಒಳಗಿನ ಮರಿಹುಳು ಬೀಜಗಳನ್ನು ತಿಂದು ಮುಗಿಸುತ್ತದೆ.

ಈ ಕೀಟಗಳಿಗೂ ಬೆಂಗಳೂರಿಗೂ ಒಂದು ನಂಟಿದೆ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಬೆಂಗಳೂರಿನಲ್ಲಿತ್ತು. 1960ರ ದಶಕದಲ್ಲಿ ಅಲ್ಲಿಯವರು ಸ್ಟ್ರೈಗಾದ ಶತ್ರು ಕೀಟಗಳ ಪಟ್ಟಿ ಮಾಡಿದರು. 1970ರ ದಶಕದಲ್ಲಿ ಭಾರತದ ಸೊಂಡಿಲು ದುಂಬಿಯನ್ನೂ ಒಂದು ಪತಂಗವನ್ನೂ ಇಥಿಯೋಪಿಯಾಕ್ಕೆ ಒಯ್ದು ಬಿಟ್ಟರು. ಎಣಿಸಿದ ಫಲ ಸಿಗಲಿಲ್ಲ. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುವಾಗ ದುಂಬಿ ಅರ್ಧ ಕಾಯಿ ತಿಂದರೂ ಉಳಿದರ್ಧ ಹೊಲ ತುಂಬಲು ಸಾಕು. ಇತ್ತೀಚೆಗೆ ಕೀನ್ಯಾದಲ್ಲಿ ಸ್ಟ್ರೈಗಾವನ್ನು ಮಾತ್ರ ಬಾಡಿಸುವ ಫ್ಯುಸೇರಿಯಂ ಶಿಲೀಂಧ್ರವನ್ನು ಹಲ್ಲುಕಡ್ಡಿಯ ಮೇಲೆ ಬೆಳೆಸಿ ಹಳ್ಳಿಗಳಿಗೆ ಕೊಡುತ್ತಾರೆ. ಹೆಂಗಸರು ಅನ್ನ ಬೇಯಿಸಿ, ಆರಿಸಿ, ಅದರಲ್ಲಿ ಆ ಕಡ್ಡಿ ಹಾಕಿ ಶಿಲೀಂಧ್ರವನ್ನು ಹೆಚ್ಚಿಸಿ, ಬಿತ್ತುವಾಗ ಬೀಜದ ಜೊತೆ ಒಂದು ಚಿಟಿಕೆ ಹಾಕುತ್ತಾರೆ. ಹೆಪ್ಪು ಹಾಕಿದ ಹಾಗೆಯೇ.

ಹೂವಿಗೂ ಜೇನಿಗೂ ಏನು ಸಂಬಂಧ ಎಂದು ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬರು ಕೇಳುತ್ತಿದ್ದಾರೆ. ಆಫ್ರಿಕಾದ ಗುಲಾಬಿ ಸ್ಟ್ರೈಗಾಕ್ಕೆ ಕೀಟ ಬೇಕೇ ಬೇಕು, ಬೇರೆ ಗಿಡದ ಪರಾಗ ಬರದೆ ಅದು ಕಾಯಿ ಕಟ್ಟುವುದಿಲ್ಲ. ನನ್ನ ಕೈಯಲ್ಲಿರುವುದು ಸ್ಟ್ರೈಗಾ ಏಷಿಯಾಟಿಕಾ, ಅದು ಯಾರನ್ನೂ ಕಾಯುವುದಿಲ್ಲ. ಹೂ ಅರಳುವಷ್ಟರಲ್ಲಿ ಶಲಾಕೆ ಉದ್ದವಾಗುತ್ತ ಪರಾಗಕೋಶಗಳನ್ನು ಸವರಿಕೊಂಡು ಮೇಲೇರಿ, ತನ್ನ ಪರಾಗವನ್ನು ತಾನೇ ಪಡೆದಿರುತ್ತದೆ. ಬೇರಿನಲ್ಲಿ ಪೂರ್ತಿ ಇನ್ನೊಬ್ಬರನ್ನು ನಂಬಿದ ಗಿಡ ಹೂವಿನಲ್ಲಿ ಯಾರನ್ನೂ ನಂಬುವುದಿಲ್ಲ. ಒಂದೇ ಒಂದು ಬೀಜ ಹೊಸ ಊರಿಗೆ ಹೋದರೂ ಅಲ್ಲಿ ವಂಶ ಬೆಳೆಸಲು ಇದರಿಂದಲೇ ಸಾಧ್ಯವಾಯಿತು.

ಹೊಸ ಊರಿಗೆ ಒಯ್ಯುವವರು ನಾವೇ. ಬಿತ್ತನೆ ಬೀಜದೊಡನೆ, ಕುಂಟೆಗೆ ಮೆತ್ತಿದ ಮಣ್ಣಿನೊಡನೆ, ಕಾಲುವೆಯ ನೀರಿನೊಡನೆ ಹೋಗುತ್ತದೆ. ಕಣಿಕೆಯೊಡನೆ ದನದ ಹೊಟ್ಟೆ ಸೇರಿ, ಅಲ್ಲೂ ಸಾಯದೆ ಸಗಣಿಯೊಡನೆ ಹೊರಬರುತ್ತದೆ. ಆದ್ದರಿಂದ ಗೊಬ್ಬರ ಹಾಕಿ ಎಂದು ನಾನು ಹೇಳುವಾಗ ಚೆನ್ನಾಗಿ ಕಳಿತ ಗೊಬ್ಬರ ಎಂದು ಕೇಳಿಸಿಕೊಳ್ಳಬೇಕು. ಎಡೆ ಹೊಡೆದ ಮೇಲೆ ಬರುವ ಗಿಡಗಳನ್ನು ಹೂ ಬಿಡುವ ಮೊದಲೇ ಕೀಳುವುದು ಈ ವರ್ಷದ ಜೋಳವನ್ನು ಹೆಚ್ಚೇನೂ ಉಳಿಸದು, ಏಕೆಂದರೆ ಕೆಳಗೆ ಆಗಬೇಕಾದದ್ದು ಆಗಿದೆ. ಕೀಳುವುದು ಮುಂದಿನ ಹತ್ತು ವರ್ಷಕ್ಕಾಗಿ. ಇದನ್ನು ಹೇಳದೆ ಬರಿಯ ಕಿತ್ತು ಹಾಕಿ ಎಂದು ಉಪದೇಶ ಮಾಡಿ, ಫಲ ಕಾಣದ ರೈತ ಕೈಬಿಟ್ಟದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ತಪ್ಪು ಅವನದ್ದಲ್ಲ.

ಮೇಜಿನ ಮೇಲೆ ಎರಡು ಭೂತಗನ್ನಡಿ ಇಟ್ಟಿದ್ದೇನೆ, ಪಕ್ಕದಲ್ಲಿ ನಾಲ್ಕು ಗಿಡಗಳಿವೆ. ಹೂವಿನ ಬುಡದಲ್ಲಿರುವ ಹಸಿರು ಪುಷ್ಪಪಾತ್ರೆಯನ್ನು ಹಿಡಿದು ಉದ್ದುದ್ದ ಗೆರೆಗಳನ್ನು ಎಣಿಸಿ. ಹತ್ತು ಗೆರೆ ಇದ್ದರೆ ಸ್ಟ್ರೈಗಾ ಏಷಿಯಾಟಿಕಾ. ಐದೇ ಇದ್ದರೆ ಅದು ಡೆನ್ಸಿಫ್ಲೋರಾ, ಬಿಳಿ ಹೂವಿನ ನಮ್ಮ ಇನ್ನೊಂದು ಪ್ರಭೇದ. ನಾಲ್ಕರಲ್ಲಿ ಒಂದು ಗಿಡ ಬೇರೆ ಇದೆ, ಯಾವುದೆಂದು ನಾನು ಹೇಳುವುದಿಲ್ಲ, ನೀವೇ ಕಂಡುಹಿಡಿಯಿರಿ. ಒಂದು ಗಿಡವನ್ನು ಜೋಳದ ಬೇರಿನ ಸಮೇತ ತೊಳೆದು ನೀರಿನ ತಟ್ಟೆಯಲ್ಲಿ ಇಟ್ಟಿದ್ದೇನೆ, ಎರಡು ಬೇರು ಸೇರುವ ಕಡೆಯ ಗಂಟನ್ನು ನೋಡದೆ ಹೋಗಬೇಡಿ. ಎಲ್ಲವೂ ಹೂ ಬಿಟ್ಟವು ಮಾತ್ರ. ಕಾಯಿ ಬಲಿತ ಗಿಡ ಒಂದನ್ನೂ ತಂದಿಲ್ಲ, ಈ ಸಭಾಂಗಣದ ಗೋಡೆಯಾಚೆ ಜೋಳದ ಹೊಲವಿದೆ.